ಮನೆಯಂಗಳಕ್ಕೊಂದು ಹಳದಿ ಪೊದೆಗುಲಾಬಿ: ಆರೈಕೆಗಿಂತ ಆಯ್ಕೆಯೇ ಮುಖ್ಯ

ಜನವರಿಯಲ್ಲಿ ನರ್ಸರಿಯಿಂದ ತಂದು ನೆಟ್ಟ ಹಳದಿ ಗುಲಾಬಿ ಗಿಡ ಮಾರ್ಚ್ ಮುಗಿಯುವವರೆಗೂ ಮನೆಮಂದಿಯ ಕಣ್ಮಣಿಯಾಗಿರುತ್ತದೆ. ಜೂನ್‌ನಲ್ಲಿ ಮುಂಗಾರು ಹಿಡಿದು ನಾಲ್ಕು ದಿನ ಬಿಡದೆ ಸುರಿದರೆ ಸಾಕು, ಬುಡದ ಎಲೆಗಳ ಮೇಲೆ ಕಪ್ಪು ಚುಕ್ಕೆಗಳು ಕಾಣಿಸಿಕೊಳ್ಳುತ್ತವೆ. ಆಗಸ್ಟ್ ವೇಳೆಗೆ ಎಲೆಗಳೆಲ್ಲ ಉದುರಿ ಮುಳ್ಳುಕಡ್ಡಿಗಳಷ್ಟೇ ಉಳಿಯುತ್ತವೆ. ಅದೇ ಅಂಗಳದ ಮೂಲೆಯಲ್ಲಿ ಅಜ್ಜಿಯ ಕಾಲದಿಂದಲೂ ಇರುವ ನಸುಗೆಂಪು ನಾಟಿ ಗುಲಾಬಿ ಮಾತ್ರ ಏನೂ ಆಗದಂತೆ ಚಿಗುರುತ್ತಿರುತ್ತದೆ. ರಾಜ್ಯದ ಅನೇಕ ಮನೆಗಳಲ್ಲಿ ವರ್ಷ ವರ್ಷವೂ ನಡೆಯುವ ಕಥೆಯಿದು.

ಇಂತಹ ಸಂದರ್ಭದಲ್ಲಿ ಮನೆಯವರ ಮುಂದೆ ಸಾಮಾನ್ಯವಾಗಿ ಎರಡು ದಾರಿಗಳಿರುತ್ತವೆ. ಹತ್ತು ದಿನಕ್ಕೊಮ್ಮೆ ಔಷಧಿ ಸಿಂಪಡಿಸುತ್ತಾ ಹೋಗುವುದು ಒಂದು, ಗಿಡವನ್ನು ಕಿತ್ತೆಸೆಯುವುದು ಇನ್ನೊಂದು. ಮಕ್ಕಳು ಆಡುವ, ದೇವರ ಪೂಜೆಗೂ ಮುಡಿಗೂ ಹೂ ಕೊಯ್ಯುವ ಅಂಗಳದಲ್ಲಿ ಮೊದಲ ದಾರಿ ಹಿತಕರವಲ್ಲ. ಎರಡನೆಯದು ಬೇಸರದ ಮಾತು. ಆದರೆ ಮೂರನೆಯ ದಾರಿಯೊಂದಿದೆ. ಹಳದಿ ಗುಲಾಬಿಯ ಆರೈಕೆಯ ಹೊರೆ ಎಷ್ಟೆಂಬುದು ಬಹುಮಟ್ಟಿಗೆ ಅದನ್ನು ಕೊಳ್ಳುವ ದಿನವೇ ನಿರ್ಧಾರವಾಗುತ್ತದೆ. ಸರಿಯಾದ ತಳಿಯನ್ನು, ಸರಿಯಾದ ಕಾಲದಲ್ಲಿ, ಸರಿಯಾದ ಜಾಗಕ್ಕೆ ತಂದರೆ ಉಳಿದ ಕೆಲಸ ಅಲ್ಪ. ಇದನ್ನು ಅರಿಯಬೇಕಾದರೆ ಗುಲಾಬಿಗೆ ಹಳದಿ ಬಣ್ಣ ಬಂದ ಬಗೆಯನ್ನು ಸ್ವಲ್ಪ ತಿಳಿಯಬೇಕು.

ಹಳದಿ ಬಣ್ಣ ಬಂದ ಹಾದಿ

ಗುಲಾಬಿಯ ಕೆಂಪು ಹಾಗೂ ನಸುಗೆಂಪು ಬಣ್ಣಗಳಿಗೆ ಆಂಥೋಸಯನಿನ್ ಎಂಬ ವರ್ಣದ್ರವ್ಯಗಳು ಕಾರಣ. ಹಳದಿಗೆ ಕಾರಣ ಕ್ಯಾರೆಟ್, ಮಾವಿನ ಹಣ್ಣುಗಳಲ್ಲಿಯೂ ಇರುವ ಕ್ಯಾರೊಟಿನಾಯ್ಡ್ ವರ್ಗದ ದ್ರವ್ಯಗಳು. ಹದಿನೆಂಟನೆಯ ಶತಮಾನದವರೆಗೂ ಯೂರೋಪಿನ ತೋಟಗಳ ಗುಲಾಬಿಗಳಲ್ಲಿ ಬಿಳಿ, ನಸುಗೆಂಪು, ಕಡುಗೆಂಪು ಬಣ್ಣಗಳದೇ ಪ್ರಾಬಲ್ಯವಿತ್ತು. ಇಂದಿನ ತೋಟದ ಗುಲಾಬಿಗಳಿಗೆ ಹಳದಿ ಬಣ್ಣ ಮುಖ್ಯವಾಗಿ ಎರಡು ದಿಕ್ಕುಗಳಿಂದ ಬಂದಿತು.

ಮೊದಲನೆಯದು ಪೂರ್ವದ ದಿಕ್ಕು. ನಮ್ಮ ಮಣಿಪುರದ ಬೆಟ್ಟಗಳು, ಮ್ಯಾನ್ಮಾರ್ ಹಾಗೂ ಚೀನಾದ ಯುನ್ನಾನ್ ಪ್ರಾಂತ್ಯಗಳಲ್ಲಿ ರೋಸಾ ಜೈಗಾಂಟಿಯಾ ಎಂಬ ಕಾಡುಗುಲಾಬಿ ಬೆಳೆಯುತ್ತದೆ. ಮರಗಳ ಮೇಲೆ ಹಬ್ಬುವ ಈ ದೈತ್ಯ ಬಳ್ಳಿಯ ಹೂವು ಕೆನೆಹಳದಿ. ಚೀನಾದ ತೋಟಗಳಲ್ಲಿ ಇದರ ರಕ್ತಸಂಬಂಧದಿಂದ ಹುಟ್ಟಿದವುಗಳೇ ‘ಟೀ ಗುಲಾಬಿ’ಗಳು. ಅವುಗಳಲ್ಲಿ ಹಳದಿ ಬಣ್ಣದ ಒಂದನ್ನು ಜಾನ್ ಪಾರ್ಕ್ಸ್ ಎಂಬಾತ 1824ರಲ್ಲಿ ಇಂಗ್ಲೆಂಡಿಗೆ ಕೊಂಡೊಯ್ದ. ಈ ವಂಶದ ಹಳದಿ ಮೆದುವಾದುದು, ಬೆಣ್ಣೆಯ ಬಣ್ಣಕ್ಕೆ ಹತ್ತಿರವಾದುದು. ಇದು ಹಿಮ ಬೀಳುವ ದೇಶಗಳಲ್ಲಿ ಸೊರಗುತ್ತದೆ. ಬೆಚ್ಚಗಿನ ನಾಡಿನಲ್ಲಿ ನಗುತ್ತದೆ.

ಎರಡನೆಯದು ಪಶ್ಚಿಮ ಏಷ್ಯಾದ ದಿಕ್ಕು. ಅಲ್ಲಿನ ರೋಸಾ ಫೀಟಿಡಾ ಎಂಬ ಗುಲಾಬಿಯ ಬಣ್ಣ ಅಚ್ಚ ಅರಿಶಿನ. ಹೆಸರಿನ ಅರ್ಥ ‘ದುರ್ಗಂಧದ ಗುಲಾಬಿ’. ಇದರ ಅನೇಕ ದಳಗಳುಳ್ಳ ಪರ್ಷಿಯನ್ ರೂಪವನ್ನು ಬಳಸಿಕೊಂಡು ಫ್ರಾನ್ಸಿನ ಲಿಯಾನ್ ನಗರದ ತಳಿಗಾರ ಜೋಸೆಫ್ ಪೆರ್ನೆ-ಡುಶೆ ಹಲವು ವರ್ಷ ಶ್ರಮಿಸಿ 1900ರಲ್ಲಿ ‘ಸೊಲೇ ದೋರ್’, ಅಂದರೆ ‘ಚಿನ್ನದ ಸೂರ್ಯ’ ಎಂಬ ತಳಿಯನ್ನು ಹೊರತಂದ. ಇಂದು ಅಂಗಡಿಗಳಲ್ಲಿ ಕಾಣುವ ಅಚ್ಚ ಹಳದಿ, ಕಿತ್ತಳೆ ಬಣ್ಣದ ಗುಲಾಬಿಗಳಲ್ಲಿ ಬಹುಪಾಲಿನ ಮೂಲ ಈ ವಂಶಕ್ಕೆ ಹೋಗಿ ಮುಟ್ಟುತ್ತದೆ.

ಆದರೆ ಬಣ್ಣದೊಂದಿಗೆ ಎರಡು ದೌರ್ಬಲ್ಯಗಳೂ ವಂಶಪಾರಂಪರ್ಯವಾಗಿ ಬಂದವು. ಒಣಹವೆಯ ನಾಡಿನಲ್ಲಿ ಹುಟ್ಟಿದ ಈ ಗುಲಾಬಿಗೆ ಕಪ್ಪುಚುಕ್ಕೆ ರೋಗವನ್ನು ಎದುರಿಸುವ ಶಕ್ತಿ ಕಡಿಮೆ. ಜೊತೆಗೆ ಕತ್ತರಿಯ ಏಟನ್ನೂ ಅದು ಸಹಿಸದು. ಆಳವಾಗಿ ಸವರಿದರೆ ಕಾಂಡ ತುದಿಯಿಂದ ಕೆಳಕ್ಕೆ ಒಣಗುತ್ತಾ ಬರುತ್ತದೆ. ನಮ್ಮ ಅಂಗಳದ ಹಳದಿ ಗುಲಾಬಿ ಮಳೆಗಾಲದಲ್ಲಿ ಬೋಳಾಗುವುದಕ್ಕೂ, ಮಾಲಿ ಮೊಣಕಾಲುದ್ದಕ್ಕೆ ಕತ್ತರಿಸಿದ ಮೇಲೆ ಸಾಯುವುದಕ್ಕೂ ಕಾರಣ ಇಲ್ಲಿದೆ. ಬೆಳೆಸಿದವರ ಕೈಗುಣ ಕೆಟ್ಟದೆಂದು ಹಳಹಳಿಸಬೇಕಾಗಿಲ್ಲ.

ತಳಿಗಾರರ ತಿದ್ದುಪಡಿ

ಈ ಲೋಪವನ್ನು ಸರಿಪಡಿಸುವ ಯತ್ನ ಹಲವೆಡೆ ನಡೆದಿದೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ವಿಲಿಯಂ ರ‍್ಯಾಡ್ಲರ್ ರೋಗ ತಗುಲಿದ ಎಲೆಗಳನ್ನು ಒಣಗಿಸಿ ಪುಡಿ ಮಾಡಿ, ಎಳೆಯ ಸಸಿಗಳ ಮೇಲೆ ಬೇಕೆಂದೇ ಎರಚಿ, ನೀರು ಚಿಮುಕಿಸಿ, ಬದುಕುಳಿದವುಗಳನ್ನಷ್ಟೇ ಆರಿಸಿಕೊಂಡರು. 2000ದಲ್ಲಿ ಬಿಡುಗಡೆಯಾದ ಅವರ ‘ನಾಕ್ ಔಟ್’ ತಳಿ ಪೊದೆಗುಲಾಬಿಗಳ ಜನಪ್ರಿಯತೆಯನ್ನೇ ಬದಲಿಸಿತು. ‘ಕೇರ್‌ಫ್ರೀ ಸನ್‌ಶೈನ್’, ‘ಸನ್ನಿ ನಾಕ್ ಔಟ್’ ಎಂಬ ಹಳದಿ ಪೊದೆಗುಲಾಬಿಗಳೂ ಅವರ ಕೊಡುಗೆಗಳೇ. ಇಂಗ್ಲೆಂಡಿನ ಡೇವಿಡ್ ಆಸ್ಟಿನ್ 1983ರಲ್ಲಿ ಹೊರತಂದ ‘ಗ್ರಹಾಂ ಥಾಮಸ್’ ಎಂಬ ಹಳದಿ ತಳಿಯನ್ನು ವಿಶ್ವ ಗುಲಾಬಿ ಸಂಘಗಳ ಒಕ್ಕೂಟವು 2009ರಲ್ಲಿ ಜಗತ್ತಿನ ಅಚ್ಚುಮೆಚ್ಚಿನ ಗುಲಾಬಿ ಎಂದು ಗೌರವಿಸಿತು. ಸೆಖೆಯ ನಾಡಾದ ಟೆಕ್ಸಾಸ್‌ನ ಎ ಅಂಡ್ ಎಂ ವಿಶ್ವವಿದ್ಯಾಲಯವು ಔಷಧಿಯಿಲ್ಲದೆ ಬದುಕಬಲ್ಲ ಗುಲಾಬಿಗಳನ್ನು ಗುರುತಿಸಿ ‘ಅರ್ಥ್-ಕೈಂಡ್’ ಎಂಬ ಪಟ್ಟಿಯನ್ನೇ ಮಾಡಿದೆ.

ನಮ್ಮ ದೇಶದಲ್ಲಿ ಗೋಧಿ ವಿಜ್ಞಾನಿ ಡಾ. ಬಿ.ಪಿ. ಪಾಲ್ ಗುಲಾಬಿಯ ಮಹಾಪ್ರೇಮಿಯಾಗಿದ್ದರು. ಭಾರತದ ಹವೆಗೆ ಹೊಂದುವ ಗುಲಾಬಿ ಕೃಷಿಯ ಕುರಿತು ಅವರು ಬರೆದ ಗ್ರಂಥ 1966ರಲ್ಲಿ ಪ್ರಕಟವಾಯಿತು. ಐಎಎಸ್ ಸೇವೆಯನ್ನು ತೊರೆದು ಕೊಡೈಕನಾಲ್‌ನಲ್ಲಿ ನೆಲೆಸಿದ ಎಂ.ಎಸ್. ವೀರರಾಘವನ್, ಮಣಿಪುರದ ರೋಸಾ ಜೈಗಾಂಟಿಯಾವನ್ನೇ ಬಳಸಿ ಬಿಸಿಲ ನಾಡಿಗೆ ಒಗ್ಗುವ ಗುಲಾಬಿಗಳನ್ನು ರೂಪಿಸಿದರು. ಯೂರೋಪಿನ ಚಳಿಗಾಗಿ ರೂಪಿಸಿದ ಗಿಡಗಳನ್ನು ನಮ್ಮ ಮಳೆಬಿಸಿಲಿಗೆ ತಂದು ನೆಡುವುದಕ್ಕಿಂತ ನಮ್ಮ ಹವೆಯ ಗುಲಾಬಿಯನ್ನೇ ಸೃಷ್ಟಿಸಬೇಕು ಎಂಬುದು ಈ ಪ್ರಯತ್ನದ ಹಿಂದಿನ ವಿಚಾರ.

ಯಾವುದನ್ನು ಕೊಳ್ಳಬೇಕು?

ಪೊದೆಗುಲಾಬಿ ಎಂದರೆ ಬುಡದಿಂದಲೇ ಹಲವು ಕಾಂಡಗಳೊಡೆದು, ಮೂರರಿಂದ ಐದು ಅಡಿ ಎತ್ತರಕ್ಕೆ ಗುಂಪಾಗಿ ಹರಡಿ, ಗೊಂಚಲು ಗೊಂಚಲಾಗಿ ಹೂ ಬಿಡುವ ಗಿಡ. ಉದ್ದ ತೊಟ್ಟಿನ ತುದಿಯಲ್ಲಿ ಒಂದೇ ದೊಡ್ಡ ಹೂ ಬಿಡುವ ‘ಹೈಬ್ರಿಡ್ ಟೀ’ ಗುಲಾಬಿ ಪ್ರದರ್ಶನಕ್ಕೂ ಹೂದಾನಿಗೂ ಸರಿ. ಅಂಗಳಕ್ಕೆ ಬೇಕಾದುದು ಪೊದೆ ಅಥವಾ ಗೊಂಚಲು ಹೂವಿನ ‘ಫ್ಲೋರಿಬಂಡಾ’. ಹೆಸರು ಹಿಡಿದು ಕೇಳುವವರು ಈ ಕೆಳಗಿನವುಗಳನ್ನು ವಿಚಾರಿಸಬಹುದು.

ಲೇಡಿ ಹಿಲಿಂಗ್ಡನ್: 1910ರ ಟೀ ಗುಲಾಬಿ. ಮಾವಿನ ಹಣ್ಣಿನ ತಿರುಳಿನಂತಹ ನಸುಹಳದಿ. ಸೆಖೆಯನ್ನು ತಾಳುತ್ತದೆ. ಹೂವು ತಲೆಬಾಗಿ ನಿಲ್ಲುವುದು ಇದರ ಸ್ವಭಾವ, ರೋಗವಲ್ಲ.

ಗ್ರಹಾಂ ಥಾಮಸ್: ಅಚ್ಚ ಹಳದಿ, ಒಳ್ಳೆಯ ಸುವಾಸನೆ. ಬೆಚ್ಚಗಿನ ಊರುಗಳಲ್ಲಿ ಎಂಟು ಅಡಿಗೂ ಮೀರಿ ಬಳ್ಳಿಯಂತೆ ಚಾಚುವುದರಿಂದ ಗೋಡೆ ಅಥವಾ ಬೇಲಿಯ ಆಸರೆ ಬೇಕು.

ಜೂಲಿಯಾ ಚೈಲ್ಡ್: ಬೆಣ್ಣೆಹಳದಿಯ ಗಿಡ್ಡ ಫ್ಲೋರಿಬಂಡಾ. ಎಲೆಗಳು ದಟ್ಟ, ಹೊಳಪು. ಸಣ್ಣ ಅಂಗಳಕ್ಕೆ ತಕ್ಕುದು.

ರೇವ್ ದೋರ್: 1869ರ ಹಳೆಯ ಬಳ್ಳಿಗುಲಾಬಿ. ಮಾಸಲು ಹಳದಿ. ಟೆಕ್ಸಾಸ್ ಪಟ್ಟಿಯಲ್ಲಿಯೂ ಇದೆ. ಕಾಂಪೌಂಡಿನ ಮೇಲೆ ಹಬ್ಬಿಸಲು ಸೂಕ್ತ.

ಅಮೆರಿಕದ ತೋಟದ ಪುಸ್ತಕಗಳಲ್ಲಿ ಬಹುವಾಗಿ ಹೊಗಳಿಸಿಕೊಳ್ಳುವ ‘ಹ್ಯಾರಿಸನ್ಸ್ ಯೆಲ್ಲೋ’ ಎಂಬ ಹಳದಿ ಪೊದೆಗೆ ನಮ್ಮಲ್ಲಿ ಮರುಳಾಗಬಾರದು. ಅದು ಕಠಿಣ ಚಳಿಯ ನಾಡಿನ ಗಿಡ, ವರ್ಷಕ್ಕೊಮ್ಮೆ ಮಾತ್ರ ಹೂ ಬಿಡುವಂಥದು.

ಬಹಳಷ್ಟು ನರ್ಸರಿಗಳಲ್ಲಿ ‘ಯೆಲ್ಲೋ ರೋಸ್’ ಎಂಬುದನ್ನು ಬಿಟ್ಟು ಬೇರೆ ಹೆಸರು ಸಿಗುವುದಿಲ್ಲ. ಆಗ ಗಿಡವನ್ನೇ ಓದಬೇಕು. ಇಲ್ಲಿ ಕಾಲದ ಆಯ್ಕೆ ಮುಖ್ಯ. ಜನವರಿಯ ಒಣಹವೆಯಲ್ಲಿ ಎಂತಹ ದುರ್ಬಲ ತಳಿಯೂ ನಿರ್ಮಲವಾಗಿಯೇ ಕಾಣುತ್ತದೆ. ಅದೇ ಆಗಸ್ಟ್-ಸೆಪ್ಟೆಂಬರ್‌ನಲ್ಲಿ, ಎರಡು ತಿಂಗಳ ಮಳೆ ನೆನೆದ ಮೇಲೆ, ನರ್ಸರಿಯ ಸಾಲಿನಲ್ಲಿ ಯಾವ ಹಳದಿ ಗಿಡ ಬುಡದವರೆಗೂ ಎಲೆ ಉಳಿಸಿಕೊಂಡಿದೆಯೋ ಅದು ಪರೀಕ್ಷೆಯಲ್ಲಿ ಗೆದ್ದ ಗಿಡ. ಔಷಧಿ ಸಿಂಪಡಿಸಿ ಉಳಿಸಿದ್ದೋ ಎಂದು ಕೇಳಿ ತಿಳಿಯಬೇಕು. ದಪ್ಪನೆಯ, ಕಡುಹಸಿರಿನ, ಹೊಳಪಿನ ಎಲೆ, ಬುಡದಿಂದ ಹೊರಟ ಕನಿಷ್ಠ ಮೂರು ಕಾಂಡ, ಗಾಯವಿಲ್ಲದ ಕಸಿಗಂಟು ಇವು ಒಳ್ಳೆಯ ಲಕ್ಷಣಗಳು. ಹೂವಿನ ಸಂಖ್ಯೆ ನೋಡಿ ಮಾರುಹೋಗಬಾರದು.

ಜಾಗ ಮತ್ತು ಮಣ್ಣು

ದಿನಕ್ಕೆ ಆರು ಗಂಟೆ ಬಿಸಿಲು ಬೀಳುವ ಜಾಗ ಬೇಕು. ಅದರಲ್ಲಿಯೂ ಬೆಳಗಿನ ಬಿಸಿಲು ಶ್ರೇಷ್ಠ. ರಾತ್ರಿಯ ಇಬ್ಬನಿ, ಮಳೆಯ ಹನಿಗಳು ಬೇಗ ಆರುತ್ತವೆ. ಕಪ್ಪುಚುಕ್ಕೆ ರೋಗದ ಶಿಲೀಂಧ್ರ ಎಲೆಯೊಳಗೆ ಇಳಿಯಬೇಕಾದರೆ ಎಲೆ ಸುಮಾರು ಏಳು ಗಂಟೆ ಕಾಲ ಒದ್ದೆಯಾಗಿಯೇ ಇರಬೇಕು. ಎಲೆ ಬೇಗ ಒಣಗುವ ಜಾಗವೇ ಅರ್ಧ ಔಷಧಿ ಎಂಬುದು ಇದರಿಂದ ಸ್ಪಷ್ಟ. ಮಧ್ಯಾಹ್ನದ ನಂತರ ತುಸು ನೆರಳಿದ್ದರೆ ಹಳದಿ ಬಣ್ಣ ಬೇಗ ಬಿಳಿಚಿಕೊಳ್ಳುವುದಿಲ್ಲ.

ಗಿಡದಿಂದ ಗಿಡಕ್ಕೆ ನಾಲ್ಕು ಅಡಿ, ಗೋಡೆಯಿಂದ ಎರಡು ಅಡಿ, ಮಕ್ಕಳು ಓಡಾಡುವ ಹಾದಿಯಿಂದ ಮೂರು ಅಡಿ ಅಂತರವಿರಲಿ. ಗಾಳಿಯಾಡುವುದಕ್ಕೂ, ಮುಳ್ಳು ತಾಗದಿರುವುದಕ್ಕೂ ಇದು ಅವಶ್ಯಕ.

ಬೆಂಗಳೂರು, ಕೋಲಾರ, ಮೈಸೂರು ಭಾಗದ ಕೆಂಪುಗೋಡು ಮಣ್ಣು ಗುಲಾಬಿಗೆ ಹೇಳಿ ಮಾಡಿಸಿದಂತಿದೆ. ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ ತೋಡಿ ಹತ್ತು-ಹದಿನೈದು ದಿನ ಬಿಸಿಲಿಗೆ ಬಿಟ್ಟು, ಮೇಲ್ಮಣ್ಣಿಗೆ ಮೂರನೇ ಒಂದು ಭಾಗದಷ್ಟು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಎರಡು ಹಿಡಿ ಬೇವಿನ ಹಿಂಡಿ, ಒಂದು ಹಿಡಿ ಎಲುಬಿನ ಪುಡಿ ಬೆರೆಸಿ ತುಂಬಬೇಕು. ಎಲುಬಿನ ಪುಡಿ ಒಲ್ಲದವರು ಶಿಲಾರಂಜಕ ಬಳಸಬಹುದು. ಕಸಿಗಂಟು ನೆಲಮಟ್ಟಕ್ಕಿಂತ ಎರಡು ಅಂಗುಲ ಮೇಲಿರಬೇಕು.

ವಿಜಯಪುರ, ಕಲಬುರಗಿ, ಧಾರವಾಡ ಭಾಗದ ಎರೆಮಣ್ಣಿನಲ್ಲಿ ನೀರು ನಿಂತು ಬೇರು ಕೊಳೆಯುವ ಭಯವಿದೆ. ಅಲ್ಲಿ ಗುಂಡಿಯನ್ನು ಎರಡು ಅಡಿಗೆ ಹೆಚ್ಚಿಸಿ, ಮರಳು ಬೆರೆಸಿ, ನೆಲದಿಂದ ಅರ್ಧ ಅಡಿ ಎತ್ತರದ ದಿಬ್ಬ ಮಾಡಿ ನೆಡುವುದು ಲೇಸು. ಅಂತಹ ಸುಣ್ಣದಂಶದ ಮಣ್ಣಿನಲ್ಲಿ ಎಳೆಯ ಎಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿದರೆ ಅದು ಕಬ್ಬಿಣದ ಕೊರತೆಯೇ ಹೊರತು ರೋಗವಲ್ಲ. ಗೊಬ್ಬರದ ಅಂಗಡಿಯಲ್ಲಿ ಸಿಗುವ ಕೀಲೇಟೆಡ್ ಕಬ್ಬಿಣದಿಂದ ಇದು ಸರಿಹೋಗುತ್ತದೆ.

ಕರಾವಳಿ ಮತ್ತು ಮಲೆನಾಡಿನವರಿಗೆ ಸವಾಲು ಹೆಚ್ಚು. ತಿಂಗಳುಗಟ್ಟಲೆ ಎಲೆ ಒಣಗದ ಆ ಮಳೆಯಲ್ಲಿ ನೆಲದ ಗುಲಾಬಿ ಉಳಿಯುವುದು ಕಷ್ಟ. ಹದಿನಾರು ಅಂಗುಲದ ಕುಂಡದಲ್ಲಿ ನೆಟ್ಟು, ಮಳೆಗಾಲದ ಮಟ್ಟಿಗೆ ಪೂರ್ವಕ್ಕೆ ತೆರೆದ ಸೂರಿನ ಕೆಳಗೆ ಸರಿಸಿಟ್ಟರೆ ಬೆಳಗಿನ ಬೆಳಕು ಸಿಗುತ್ತದೆ, ಎಲೆ ನೆನೆಯುವುದಿಲ್ಲ.

ನೀರು, ಗೊಬ್ಬರ

ಬೇರೂರಿದ ಪೊದೆಗೆ ಬೇಸಿಗೆಯಲ್ಲಿ ವಾರಕ್ಕೆರಡು ಸಲ ತಲಾ ಎಂಟು-ಹತ್ತು ಲೀಟರ್ ನೀರು ಸಾಕು. ದಿನವೂ ತಂಬಿಗೆ ನೀರು ಎರಚಿದರೆ ಬೇರು ಮೇಲ್ಪದರದಲ್ಲಿಯೇ ಉಳಿದು ಗಿಡ ಪರಾವಲಂಬಿಯಾಗುತ್ತದೆ. ನೀರನ್ನು ಬೆಳಿಗ್ಗೆ, ಬುಡಕ್ಕಷ್ಟೇ ಹಾಕಬೇಕು. ಸಂಜೆ ಪೈಪ್ ಹಿಡಿದು ಗಿಡದ ತಲೆಯ ಮೇಲೆ ಸುರಿಯುವ ಅಭ್ಯಾಸವು ರೋಗಕ್ಕೆ ಕೊಡುವ ಆಹ್ವಾನ.

ಬುಡದ ಸುತ್ತ ಎರಡು-ಮೂರು ಅಂಗುಲ ದಪ್ಪಕ್ಕೆ ಒಣಹುಲ್ಲು, ತೆಂಗಿನ ನಾರಿನ ಪುಡಿ ಅಥವಾ ತರಗೆಲೆಯನ್ನು ಹರಡಿದರೆ ತೇವ ಉಳಿಯುತ್ತದೆ, ಕಳೆ ಏಳುವುದಿಲ್ಲ, ಮಣ್ಣಿನ ಹನಿ ಎಲೆಗೆ ಸಿಡಿಯುವುದಿಲ್ಲ. ಹೊದಿಕೆ ಕಾಂಡಕ್ಕೆ ತಾಗದಿರಲಿ. ಗೆದ್ದಲು ಇರುವ ಕಡೆ ಹೊದಿಕೆಯೊಂದಿಗೆ ಬೇವಿನ ಹಿಂಡಿ ಬೆರೆಸುವುದು ಒಳ್ಳೆಯದು.

ಗೊಬ್ಬರ ವರ್ಷಕ್ಕೆ ಎರಡು ಬಾರಿ: ಮಳೆಗಾಲದ ಆರಂಭದಲ್ಲೊಮ್ಮೆ, ಸವರಿದ ಮೇಲೊಮ್ಮೆ. ಪ್ರತಿ ಗಿಡಕ್ಕೆ ಒಂದು ಬುಟ್ಟಿ ಕೊಟ್ಟಿಗೆ ಗೊಬ್ಬರ ಅಥವಾ ಅದರ ಅರ್ಧದಷ್ಟು ಎರೆಗೊಬ್ಬರ ಸಾಕಾಗುತ್ತದೆ. ಯೂರಿಯಾ ಹಾಕಿದರೆ ಗಿಡ ಸೊಂಪಾಗಿ ಕಂಡರೂ ಮೆದುವಾದ ಚಿಗುರಿಗೆ ಗಿಡಹೇನು, ಬೂದಿರೋಗಗಳು ಮುತ್ತುತ್ತವೆ.

ಸವರುವಾಗ ಮಿತಿಯಿರಲಿ

ಅಕ್ಟೋಬರ್ ಮಧ್ಯದ ನಂತರ ಮಳೆ ಬಿಟ್ಟ ದಿನಗಳನ್ನು ನೋಡಿ ಸವರಬೇಕು. ಹೈಬ್ರಿಡ್ ಟೀ ಗುಲಾಬಿಯಂತೆ ಹಳದಿ ಪೊದೆಯನ್ನು ಮೊಣಕಾಲುದ್ದಕ್ಕೆ ಕಡಿಯಬಾರದು. ಪರ್ಷಿಯನ್ ಪೂರ್ವಜರ ಆ ಅಸಹನೆ ಇಲ್ಲಿ ನೆನಪಿರಲಿ. ಮೊದಲು ಒಣಗಿದ, ರೋಗ ತಗುಲಿದ, ಒಂದಕ್ಕೊಂದು ಉಜ್ಜುವ ರೆಂಬೆಗಳನ್ನು ತೆಗೆಯಬೇಕು. ನಂತರ ಉಳಿದ ಎತ್ತರದಲ್ಲಿ ಮೂರನೇ ಒಂದು ಭಾಗವನ್ನಷ್ಟೇ, ಹೊರಮುಖವಾಗಿರುವ ಕಣ್ಣಿನ ಕಾಲು ಅಂಗುಲ ಮೇಲೆ, ಹರಿತವಾದ ಕತ್ತರಿಯಿಂದ ಓರೆಯಾಗಿ ಕತ್ತರಿಸಬೇಕು. ಪೊದೆಯ ನಡುಭಾಗ ಬಟ್ಟಲಿನಂತೆ ತೆರೆದಿರಲಿ. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಕತ್ತರಿಯನ್ನು ಸ್ಪಿರಿಟ್‌ನಿಂದ ಒರೆಸುವುದು ಕ್ಷೇಮ. ಸವರಿದ ಏಳೆಂಟು ವಾರಗಳಲ್ಲಿ ಹೂವು ಬರುತ್ತದೆ.

ಬಾಡಿದ ಗೊಂಚಲನ್ನು ಆಗಾಗ ತೆಗೆಯುತ್ತಿದ್ದರೆ ಮುಂದಿನ ಹೂವು ಬೇಗ ಬರುತ್ತದೆ. ಕಸಿಗಂಟಿನ ಕೆಳಗಿನಿಂದ ಏಳುವ ನೀಳವಾದ ಚಿಗುರು ಬೇರುಗಿಡದ್ದು. ಅದನ್ನು ಬೆಳೆಯಲು ಬಿಟ್ಟರೆ ಒಂದೆರಡು ವರ್ಷದಲ್ಲಿ ಹಳದಿ ಗುಲಾಬಿ ಮಾಯವಾಗಿ ಕಾಡುಗುಲಾಬಿ ಉಳಿಯುತ್ತದೆ. ಅದನ್ನು ಕತ್ತರಿಸದೆ, ಮಣ್ಣು ಬಿಡಿಸಿ ಹುಟ್ಟಿದ ಜಾಗದಿಂದಲೇ ಕಿತ್ತು ತೆಗೆಯಬೇಕು.

ಔಷಧಿಗೆ ಮುನ್ನ

ಕಪ್ಪುಚುಕ್ಕೆ ಕಂಡ ಎಲೆಗಳನ್ನು ಆಯ್ದು, ಉದುರಿದವನ್ನೂ ಗುಡಿಸಿ ಕಸಕ್ಕೆ ಹಾಕಬೇಕು. ಗೊಬ್ಬರದ ಗುಂಡಿಗೆ ಹಾಕಬಾರದು. ರೋಗಾಣು ಬಿದ್ದ ಎಲೆಯಲ್ಲಿಯೇ ಕಾದು ಕುಳಿತು ಮುಂದಿನ ಹನಿಗೆ ಮೇಲೇರುತ್ತದೆ. ಗಿಡಹೇನು, ಕೆಂಪುನುಸಿಗಳಿಗೆ ಬೆಳಗಿನ ಹೊತ್ತು ಎಲೆಯ ತಳಭಾಗಕ್ಕೆ ರಭಸವಾಗಿ ನೀರು ಹಾಯಿಸಿದರೆ ಸಾಕು. ಬೇಗ ಆರುವ ಬೆಳಗಿನ ಬಿಸಿಲಿನಲ್ಲಿ ಇದರಿಂದ ಹಾನಿಯಿಲ್ಲ. ಹಾಗೂ ಹೋಗದಿದ್ದರೆ ಲೀಟರ್ ನೀರಿಗೆ ಐದು ಮಿ.ಲೀ. ಬೇವಿನ ಎಣ್ಣೆ, ಕೆಲವು ಹನಿ ಸೋಪಿನ ದ್ರಾವಣ ಬೆರೆಸಿ ಸಂಜೆ ಸಿಂಪಡಿಸಬಹುದು. ತಿಳಿ ಬಣ್ಣದ ಹೂವಿನ ಅಂಚು ಕಂದಾದರೆ ಅದು ಥ್ರಿಪ್ಸ್ ನುಸಿಯ ಕೆಲಸ. ಅಂತಹ ಮೊಗ್ಗುಗಳನ್ನು ಕಿತ್ತು ನಾಶಪಡಿಸುವುದೇ ಮೊದಲ ಉಪಾಯ.

ಗಿಡದ ರಸದಲ್ಲಿ ಬೆರೆತು ವಾರಗಟ್ಟಲೆ ಉಳಿಯುವ ಅಂತರ್ವ್ಯಾಪಿ ಕೀಟನಾಶಕಗಳನ್ನು ಮನೆಯಂಗಳಕ್ಕೆ ತರದಿರುವುದೇ ವಿವೇಕ. ಅವು ಜೇನುನೊಣಗಳಿಗೂ ಮಾರಕ. ನರ್ಸರಿಯಲ್ಲಿ ಯಾವ ಔಷಧಿ ಬಿದ್ದಿದೆಯೋ ತಿಳಿಯದಾದ್ದರಿಂದ ಹೊಸ ಗಿಡದ ಮೊದಲ ಕೆಲವು ತಿಂಗಳ ಹೂವನ್ನು ಗುಲ್ಕಂದಕ್ಕಾಗಲಿ, ಪಾನಕಕ್ಕಾಗಲಿ ಬಳಸಬಾರದು. ಗುಲಾಬಿ ಗಿಡ ವಿಷಕಾರಿಯಲ್ಲ. ಆದರೆ ಮುಳ್ಳು ಚುಚ್ಚಿದರೆ ಸೋಪಿನಿಂದ ತೊಳೆಯಬೇಕು. ಮಕ್ಕಳ ಧನುರ್ವಾಯು ಚುಚ್ಚುಮದ್ದು ಬಾಕಿಯಿದ್ದರೆ ವೈದ್ಯರನ್ನು ಕಾಣಬೇಕು.

ವರ್ಷದ ಕೆಲಸ, ಸಂಕ್ಷಿಪ್ತವಾಗಿ

ಜನವರಿ-ಫೆಬ್ರವರಿ: ಹೂವಿನ ಕಾಲ. ಬಾಡಿದ ಗೊಂಚಲು ತೆಗೆಯುವುದು, ಬೂದಿರೋಗದ ಮೇಲೆ ಕಣ್ಣಿಡುವುದು.

ಮಾರ್ಚ್-ಮೇ: ಹೊದಿಕೆ, ವಾರಕ್ಕೆರಡು ನೀರು, ಕೆಂಪುನುಸಿಯ ತಪಾಸಣೆ.

ಜೂನ್-ಜುಲೈ: ಗೊಬ್ಬರ, ನೀರು ನಿಲ್ಲದಂತೆ ಪಾತಿ ಬಿಡಿಸುವುದು, ಚುಕ್ಕೆ ಎಲೆ ಆಯುವುದು.

ಆಗಸ್ಟ್-ಸೆಪ್ಟೆಂಬರ್: ಹೊಸ ಗಿಡದ ಆಯ್ಕೆ, ಗುಂಡಿ ತೋಡಿ ನಾಟಿ.

ಅಕ್ಟೋಬರ್-ನವೆಂಬರ್: ಹಳೆಯ ಗಿಡಗಳಿಗೆ ಹಗುರ ಸವರುವಿಕೆ, ಎರಡನೆಯ ಗೊಬ್ಬರ.

ಡಿಸೆಂಬರ್: ಹೂವು.

ಕಡಿಮೆ ಆರೈಕೆಯ ಗಿಡವೆಂದರೆ ಆರೈಕೆಯೇ ಬೇಡದ ಗಿಡವಲ್ಲ. ವಾರಕ್ಕೆ ಅರ್ಧ ಗಂಟೆಯನ್ನಾದರೂ ಅದು ಕೇಳುತ್ತದೆ. ನೆಟ್ಟ ಮೊದಲ ಮಳೆಗಾಲದಲ್ಲಿ ಕೆಲವು ಎಲೆ ಉದುರಿದರೆ ಗಾಬರಿಯಾಗಬೇಕಿಲ್ಲ. ಮಳೆ ನಿಂತ ಮೇಲೆ ಹೊಸ ಚಿಗುರು ಬರುತ್ತದೆಯೇ ಎಂದು ನೋಡಬೇಕು. ಎರಡು ಮಳೆಗಾಲ ಕಳೆದರೂ ಔಷಧಿಯಿಲ್ಲದೆ ಎಲೆ ನಿಲ್ಲಿಸಿಕೊಳ್ಳಲಾಗದ ಗಿಡವನ್ನು ಮುಲಾಜಿಲ್ಲದೆ ತೆಗೆದು, ಅದರ ಜಾಗಕ್ಕೆ ಬೇರೆ ತಳಿಯನ್ನು ತರುವುದು ಸೂಕ್ತ. ಅದೇ ಗುಂಡಿಯಲ್ಲಿ ಮತ್ತೆ ಗುಲಾಬಿ ನೆಡುವುದಾದರೆ ಹಳೆಯ ಮಣ್ಣನ್ನು ಪೂರ್ತಿಯಾಗಿ ಬದಲಿಸುವುದನ್ನು ಮರೆಯಬಾರದು.